ಫ್ರಿಲ್ ಮೀಮಾಂಸೆ: ಒಂದು ಅಧಶ್ಛೇದವಾದಿ ನಿಲುವು

ಕಿಟಕಿಗೆ ಪರದೆ ಯಾಕೆ ಎಂಬ ಪ್ರಶ್ನೆಗೆ ಬಿಸಿಲು, ಎದುರುಮನೆ ಎಂದು ಎರಡು ಉತ್ತರಗಳುಂಟು, ಎರಡೂ ಸರ್ವಸಮ್ಮತ. ಪರದೆಯ ನೆತ್ತಿಯಲ್ಲಿ ಗೇಣು ಚಿಲ್ಲರೆ ನೇತಾಡುವ ಫ್ರಿಲ್ ಯಾಕೆ ಎಂಬುದಕ್ಕೆ ಮಾತ್ರ ನಮ್ಮ ಶಾಸ್ತ್ರಕಾರರು ಕೈಹಾಕಿಲ್ಲ. ಅದು ಬಿಸಿಲು ತಡೆಯದು, ಸೊಳ್ಳೆ ತಡೆಯದು. ಎದುರುಮನೆಯವರ ನೋಟವಂತೂ ಅದರ ಕೆಳಗಿನಿಂದ ಸರಾಗವಾಗಿ ಒಳಗೆ ಬರುತ್ತದೆ. ಈ ಕೊರತೆಯನ್ನು ತುಂಬಲು, ರೆಡಿಮೇಡ್ ಪರದೆಯಿಂದ ಫ್ರಿಲ್ ಸಿದ್ಧಪಡಿಸುವ ಕ್ರಮವನ್ನು ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳ ಸಹಿತ ಇಲ್ಲಿ ನಿರೂಪಿಸಲಾಗಿದೆ.

ಮೊದಲು ಪ್ರಯೋಜನ ವಿಚಾರ. ಫ್ರಿಲ್ಲಿನ ಪ್ರಯೋಜನ ಒಂದೇ: ರಾಡನ್ನು ಮುಚ್ಚುವುದು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಫ್ರಿಜ್ಜಿನ ತಲೆಗೆ ಬಟ್ಟೆಯಿದೆ, ಅದರ ಹಿಡಿಗೆ ಬೇರೆ ಬಟ್ಟೆಯಿದೆ, ಮಿಕ್ಸಿಗೆ ಕುಲಾವಿಯಿದೆ, ವಾಷಿಂಗ್ ಮಷೀನಿಗೆ ಜಿಪ್ಪಿರುವ ಅಂಗಿಯಿದೆ. ಹೀಗಿರುವಾಗ ಹಾಲಿನ ಗೋಡೆಯ ಮೇಲೆ, ಬಂದವರೆಲ್ಲರ ಕಣ್ಣೆದುರು, ರಾಡೊಂದು ಬತ್ತಲೆ ಇರುವುದು ಧರ್ಮಸಮ್ಮತವಲ್ಲ. ಫ್ರಿಲ್ಲಿನ ಕುಲಗೋತ್ರ ಕೇಳುವವರು ಮದುವೆಮನೆಯ ಮುಂದಿನ ಶಾಮಿಯಾನದ ಅಂಚನ್ನು ನೋಡಲಿ. ಅಲ್ಲಿ ಕಮಾನು ಕಮಾನಾಗಿ ಇಳಿಬಿದ್ದ ಬಣ್ಣದ ಪಟ್ಟಿ, ಹಗ್ಗ ಗಳುಗಳ ಮಾನ ಕಾಯುತ್ತಾ ನಿಂತಿರುತ್ತದೆ.

ಇನ್ನು ದ್ರವ್ಯ ವಿಚಾರ. ಅಂಗಡಿಯ ರೆಡಿಮೇಡ್ ಪರದೆ ಸಾಮಾನ್ಯವಾಗಿ ಮೂರು ಉದ್ದಗಳಲ್ಲಿ ಅವತರಿಸುತ್ತದೆ: ಕಿಟಕಿಗೆ 5 ಅಡಿ, ಬಾಗಿಲಿಗೆ 7, ಎತ್ತರದ ಬಾಗಿಲಿಗೆ 9. ಅಗಲ ಹೆಚ್ಚುಕಡಿಮೆ 4 ಅಡಿ. ನೆತ್ತಿಯಲ್ಲಿ ಸ್ಟೀಲ್ ರಿಂಗುಗಳು. ಇದನ್ನು ಎಲ್ಲಿ ಕತ್ತರಿಸಬೇಕು ಎಂಬಲ್ಲಿಯೇ ಮತಭೇದ.

ಊರ್ಧ್ವಚ್ಛೇದವಾದಿಗಳು ಮೇಲಿನ ಭಾಗವನ್ನು ಕತ್ತರಿಸುತ್ತಾರೆ. ರಿಂಗು ಇದ್ದೇ ಇದೆ, ರಾಡಿಗೆ ಪೋಣಿಸಿದರಾಯಿತು ಎಂಬುದು ಇವರ ಹೇತು. ಇದು ಹೇತ್ವಾಭಾಸ. ರಿಂಗಿನ ಪರದೆಯಲ್ಲಿ ರಾಡು ಒಂದು ರಿಂಗಿನಲ್ಲಿ ಒಳಹೊಕ್ಕು ಮುಂದಿನದರಲ್ಲಿ ಹೊರಬರುತ್ತದೆ. ನಡುನಡುವೆ ಮುಖ ತೋರಿಸುತ್ತದೆ. ರಾಡು ಮುಚ್ಚಲೆಂದೇ ಹುಟ್ಟಿದ ಫ್ರಿಲ್ ರಾಡನ್ನೇ ಪ್ರದರ್ಶನಕ್ಕಿಟ್ಟರೆ ಅದಕ್ಕೆ ಸ್ವವ್ಯಾಘಾತವೆನ್ನದೆ ಇನ್ನೇನೆನ್ನಬೇಕು? ಮೇಲಾಗಿ, ಕತ್ತರಿಸಿದ ಹಸಿ ಅಂಚು ಕೆಳಕ್ಕೆ ಬಂತು. ನೆಂಟರ ಕಣ್ಣು ಬೀಳುವುದೂ ಅಲ್ಲಿಗೇ.

ಅಚ್ಛೇದವಾದಿಗಳು ಕತ್ತರಿಯನ್ನೇ ಒಪ್ಪುವುದಿಲ್ಲ. ತೆಳು ಪರದೆಯೊಂದನ್ನು ಹಾಗೆಯೇ ರಾಡಿನ ಮೇಲೆ ಎಸೆದು, ಜೋಲಿಬಿಟ್ಟು, ಇದೇ ಮುಕ್ತಿ ಎನ್ನುತ್ತಾರೆ. ಸುಂದರವಾದ ಮತ. ಆದರೆ ಫ್ಯಾನು ಐದಕ್ಕೆ ತಿರುಗಿಸಿದೊಡನೆ ಜಾರುತ್ತದೆ. ಹಿರಿಯರು ಯಾರಾದರೂ ಬಂದರೆ, “ಒಣಗಿದೆಯಲ್ಲ, ಮಡಚಿ ಇಡಬಾರದಾ?” ಎಂದು ಕೇಳುವ ಅಪಾಯವೂ ಇದೆ.

ಆದ್ದರಿಂದ ಅಧಶ್ಛೇದವೇ ಸಿದ್ಧಾಂತ: ಕೆಳಗಿನಿಂದಲೇ ಕತ್ತರಿಸತಕ್ಕದ್ದು. ಕೆಳಗಿನ ಅಂಚು, ಎರಡು ಪಕ್ಕದ ಅಂಚು, ಮೂರನ್ನೂ ಕಾರ್ಖಾನೆಯವರೇ ಹೊಲಿದು ಕೊಟ್ಟಿದ್ದಾರೆ. ಮಿಕ್ಕದ್ದು ಒಂದೇ ಅಂಚು. ಅದೂ ಮೇಲೆ ಮಡಿಕೆಯೊಳಗೆ ಅಡಗುತ್ತದೆ. ಸೋಮಾರಿಗೆ ಇದಕ್ಕಿಂತ ಅನುಕೂಲವಾದ ದರ್ಶನವನ್ನು ಈ ಲೇಖಕ ಕಾಣನು.

ಈಗ ಗಣಿತ ಭಾಗ. 5 ಅಡಿ ಉದ್ದದ ರಾಡು, 7 ಅಡಿ ಇಳಿಬಿದ್ದ ಪರದೆ ಎಂದಿಟ್ಟುಕೊಳ್ಳಿ. ಫ್ರಿಲ್ ಪರದೆಯ ಆರನೇ ಒಂದು ಪಾಲಿದ್ದರೆ ಶೋಭೆ, ಅಂದರೆ 14 ಇಂಚು. ರಾಡಿನ ದಪ್ಪ 1 ಇಂಚು. ಇದರ ಸುತ್ತಳತೆ, ಆರ್ಯಭಟ 499ರಲ್ಲಿ ಕೊಟ್ಟ ಲೆಕ್ಕದಂತೆ, 3.1416 ಇಂಚು. ಆರ್ಯಭಟನಿಗೆ ಗ್ರಹಗತಿಗಳ ಚಿಂತೆಯಿತ್ತು. ನಮಗೆ ಹಿಂದಕ್ಕೆ ಮಡಚುವ ಬಟ್ಟೆಗೆ ಆ ಸುತ್ತಳತೆಯ ಅರ್ಧ ಸಾಕು. ಸಲೀಸಾಗಿ ಓಡಾಡಲೆಂದು ಸ್ವಲ್ಪ ಸೇರಿಸಿ, ರಾಡು ತೂರುವ ಪಟ್ಟಿಗೆ 2 ಇಂಚು. ರಾಡಿನ ಮೇಲೆ ಜುಟ್ಟಿನಂತೆ ನಿಲ್ಲಲು ಒಂದೂವರೆ, ಒಳಮಡಿಕೆಗೆ ಅರ್ಧ. ಒಟ್ಟು 18 ಇಂಚು ಕತ್ತರಿಸಿ. ನೆರಿಗೆ ತುಂಬಿ ಬರಲು ಬಟ್ಟೆಯ ಅಗಲ ರಾಡಿನ ಎರಡು, ಎರಡೂವರೆ ಪಟ್ಟಾದರೂ ಬೇಕು. ಎರಡು ಪರದೆಗೆ 1.6 ಪಟ್ಟಾಯಿತು, ಬಡತನ ಕಾಣುತ್ತದೆ. ಮೂರಕ್ಕೆ 2.4. ಮೂರನ್ನು ಒಂದಕ್ಕೊಂದು ಹೊಲಿಯುವ ಅಗತ್ಯವೂ ಇಲ್ಲ, ಸಂದು ನೆರಿಗೆಯಲ್ಲಿ ಮಾಯ. ಪರದೆ ಮಾರುವುದು ಜೋಡಿಯಾಗಿ, ಆದ್ದರಿಂದ ನಾಲ್ಕು ಕೊಳ್ಳುವುದು ಅನಿವಾರ್ಯ.

ಬಟ್ಟೆ ಹತ್ತಿಯದಾದರೆ ಮೊದಲು ನೆನೆಸಿ ಒಣಗಿಸಿ, ಕುಗ್ಗುವುದೆಲ್ಲ ಕುಗ್ಗಲಿ. ಪಾಲಿಯೆಸ್ಟರ್ ಕುಗ್ಗದು, ಆದರೆ ಇಸ್ತ್ರಿ ಪೆಟ್ಟಿಗೆಯ ತಿರುಗಣೆ ಹತ್ತಿಯ ಕಡೆಗಿದ್ದರೆ ಕರಗಿ ಪೆಟ್ಟಿಗೆಯ ತಳಕ್ಕೇ ಅಂಟಿಕೊಳ್ಳುತ್ತದೆ.

ಇಷ್ಟೆಲ್ಲ ಶಾಸ್ತ್ರವನ್ನು ಟೈಲರಿಗೆ ತಿಳಿಸುವುದು ಹೇಗೆ? “ಫಾಲ್, ಜಿಗ್‌ಜಾಗ್, ಆಲ್ಟ್ರೇಶನ್” ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ಅಧಶ್ಛೇದ ಎಂದರೆ ನಡೆಯುವುದಿಲ್ಲ. ಚಿತ್ರ ಬರೆದು ತೋರಿಸಿದರೂ ಆತ ತಲೆ ಕೆರೆದುಕೊಂಡು, “ಏನ್ ಸಾರ್ ಇದು, ಪರದೆಗೇ ಪರದೆನಾ?” ಎನ್ನುತ್ತಾನೆ. ಆಗ “ಲಂಗಕ್ಕೆ ಲಾಡಿ ಪಟ್ಟಿ ಹೊಲೀತೀರಲ್ಲ, ಹಾಗೇ. ಲಾಡಿ ಜಾಗಕ್ಕೆ ರಾಡು” ಎನ್ನಬೇಕು. ಮುಖ ಅರಳುತ್ತದೆ. ಲಾಡಿ ಪಟ್ಟಿಯ ಮೇಲೆ ಒಂದೂವರೆ ಇಂಚು ಬಿಡಿ ಎಂದರೆ ಅದೂ ಅರ್ಥವಾಗುತ್ತದೆ. “ಸೊಂಟ ಎಷ್ಟು?” ಎಂದು ಅಭ್ಯಾಸಬಲದಿಂದ ಕೇಳಿಯಾನು. 60 ಇಂಚು ಎಂದು ನಾಚದೆ ಹೇಳಿ.

ಏರಿಸುವಾಗ ರಾಡಿನ ತುದಿಯ ಗುಂಡು ಬಿಚ್ಚಿ, ಕೊಯ್ದ ಬಾಯಿಗೆ ಹಾಲಿನ ಕವರ್ ತೊಡಿಸಿದರೆ ಬಟ್ಟೆಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ಜೋಡಿ ರಾಡಿನ ಬ್ರಾಕೆಟ್ ಇದ್ದರೆ ಒಳಗಿನದಕ್ಕೆ ಪರದೆ, ಹೊರಗಿನದಕ್ಕೆ ಫ್ರಿಲ್.

ಕೊನೆಯದು ಶೇಷ ವಿಚಾರ. 5 ಅಡಿಯ ಪರದೆಯಲ್ಲಿ 18 ಇಂಚು ಹೋದರೆ ರಿಂಗುಸಹಿತ 42 ಇಂಚಿನ ಮೂರು ತುಂಡು ಉಳಿದವು. ಒಂದನ್ನು ಬಚ್ಚಲುಮನೆಯ 2 ಅಡಿ ಕಿಟಕಿಗೆ ಹಾಕಬಹುದು. ಆದರೆ ಅದು ರಿಂಗಿನ ಪರದೆ, ರಾಡು ಕಾಣುತ್ತದೆ. ಕಂಡ ರಾಡಿಗೆ ಫ್ರಿಲ್ ಬೇಕೆಂದು ಆಗಲೇ ಸಾಧಿಸಿಯಾಗಿದೆ. ಪುಣ್ಯಕ್ಕೆ ನಾಲ್ಕನೇ ಪರದೆಯಿದೆ, ಸರಿಯಾಗಿ ಎರಡು ಪಟ್ಟು ನೆರಿಗೆಯೂ ಬರುತ್ತದೆ. ಕತ್ತರಿಸಿದೊಡನೆ ಅಲ್ಲೊಂದು ಹೊಸ 42 ಇಂಚಿನ ತುಂಡು ಹುಟ್ಟಿ ತನಗೊಂದು ಕಿಟಕಿ ಕೇಳುತ್ತದೆ, ಆ ಕಿಟಕಿಯ ರಾಡು ಮತ್ತೆ ಫ್ರಿಲ್ ಕೇಳುತ್ತದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷವೆಂದು ಹೆಸರು. ಪರಿಹಾರವಾಗಿ ತಂಗಿಗೆ ಫೋನು ಮಾಡಿ ಅವಳ ಮನೆಯ ಕಿಟಕಿಗಳ ಅಳತೆ ಕೇಳುವುದು ಶಾಸ್ತ್ರಸಮ್ಮತ. ತಾನು ಬ್ಲೈಂಡ್ಸ್ ಹಾಕಿಸಿದ್ದೇನೆಂದು ಅವಳು ಹೇಳಿದರೆ ಫೋನಿಟ್ಟುಬಿಡಿ. ನಾಸ್ತಿಕರೊಡನೆ ವಾದ ಕೂಡದು.