ಅಲ್ಲಾಡಿಸಿ ನೋಡುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎರಡು ರೇಟು ವಿಚಾರಿಸದೆ ಯಾರೂ ಟೀ ಲೋಟ ಕೆಳಗಿಡುವುದಿಲ್ಲ. ಒಂದು, ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಕ್ವಿಂಟಲ್‌ಗೆ ಎಷ್ಟಕ್ಕೆ ಹೋಯಿತು ಅನ್ನುವುದು. ಇನ್ನೊಂದು, ಪಿಯುಸಿ ಓದುವ ಮಕ್ಕಳಿಗೆ ಮಾಕ್ ಟೆಸ್ಟ್‌ನಲ್ಲಿ ಎಷ್ಟು ಬಂತು ಅನ್ನುವುದು. ಮೊದಲನೆಯ ವಿಚಾರಣೆ ವರ್ಷವಿಡೀ ಇರುತ್ತದೆ. ಎರಡನೆಯದಕ್ಕೆ ಸುಗ್ಗಿ ಜನವರಿಯಿಂದ ಮೇವರೆಗೆ. ಪ್ರಿಪರೇಟರಿ ಮುಗಿಯುತ್ತಿದ್ದಂತೆ ಬೋರ್ಡ್ ಪರೀಕ್ಷೆ, ಅದರ ಬೆನ್ನಿಗೆ ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾನುವಾರ ನೀಟ್. ನಡುವೆ ಸಂದು ಸಿಕ್ಕಲ್ಲೆಲ್ಲ ಮಾಕ್ ಟೆಸ್ಟ್.

ಈ ಸಲ ನಮ್ಮ ಮನೆಯಲ್ಲೇ ಸುಗ್ಗಿ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ಭಾನುವಾರ ಬೆಳಗ್ಗೆ ಟೆಸ್ಟ್ ಬರೆಯುತ್ತಾಳೆ, ಸಂಜೆ ಮಾರ್ಕ್ಸ್ ಬರುತ್ತದೆ. ಅವಳ ಕೈಗಲ್ಲ, ಪೋಷಕರ ವಾಟ್ಸಾಪ್ ಗುಂಪಿಗೆ. ಮೇಲಿಂದ ಕೆಳಕ್ಕೆ ರ‍್ಯಾಂಕಿನ ಪ್ರಕಾರ ಪಟ್ಟಿ. ಕೆಲವು ಅಪ್ಪಂದಿರು ಅಭಿನಂದನೆಯ ಹೂಗುಚ್ಛ ಹಾಕುತ್ತಾರೆ, ಕೆಲವರು ಮೌನವಾಗಿ ಗುಂಪು ಬಿಟ್ಟು ಮಾರನೇ ದಿನ ಮತ್ತೆ ಸೇರಿಕೊಳ್ಳುತ್ತಾರೆ. ಮಾರ್ಕ್ಸ್ ಬಂದ ಅರ್ಧ ಗಂಟೆಯೊಳಗೆ ನೆಂಟರ ಫೋನ್ ಶುರು.

ಮೊದಲನೇ ಫೋನ್ ತುರುವೇಕೆರೆಯ ನನ್ನ ಷಡ್ಡಕನದು. ಅವನ ಫೋನಿನಲ್ಲಿ ರ‍್ಯಾಂಕ್ ಹೇಳುವ ಆ್ಯಪ್ ಇದೆ. 'ಅಣ್ಣ, ಎಷ್ಟು ಬಂತು ಮಗೀಗೆ?' ಅನ್ನುತ್ತಾನೆ. '720ಕ್ಕೆ 412' ಅಂದರೆ ಅರೆಕ್ಷಣ ಸುಮ್ಮನಿದ್ದು, ಯಾವ ಊರಿನ ಯಾವ ಕಾಲೇಜು, ಹಾಸ್ಟೆಲ್ ಒಳಗೋ ಹೊರಗೋ, ಫೀಜು ಎಷ್ಟು ಅನ್ನುವವರೆಗೂ ಹೇಳಿಬಿಡುತ್ತಾನೆ. ಹಿಂದಿನ ವರ್ಷ ಇಷ್ಟು ಮಾರ್ಕ್ಸಿಗೆ ಇಷ್ಟು ರ‍್ಯಾಂಕ್ ಬಂದಿತ್ತು, ಈ ವರ್ಷವೂ ಹಂಗೇ ಅನ್ನುವುದು ಅವನ ವೇದಾಂತ. 2024ರಲ್ಲಿ ನೀಟ್ ಫಲಿತಾಂಶ ಮೊದಲು ಬಂದಾಗ 720ಕ್ಕೆ 720 ತೆಗೆದವರೇ 67 ಮಂದಿ. ಮರುವರ್ಷ ಪೇಪರ್ ಬಿಗಿಯಾಗಿ, ಇಡೀ ದೇಶಕ್ಕೆ ಮೊದಲು ಬಂದ ಹುಡುಗನಿಗೇ 686. ಒಂದು ವರ್ಷದ ಪಟ್ಟಿ ಹಿಡಿದು ಇನ್ನೊಂದು ವರ್ಷದ ಸೀಟು ಹೇಳಿದವರೆಲ್ಲ ಬಾಯಿ ಮುಚ್ಚಿಕೊಂಡರು. ನಮ್ಮ ಸೀಮೆಯವರಿಗಾದರೂ ಇದು ಗೊತ್ತಿರಬೇಕಿತ್ತು. 2024ರ ಶುರುವಿನಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ. ಮಾರುಕಟ್ಟೆಯಲ್ಲಿ ಅದೂ ಸಿಗದೆ ನಾಫೆಡ್ ಖರೀದಿಯ ನೋಂದಣಿಗೆ ರಾತ್ರಿಯೆಲ್ಲ ಸಾಲು ನಿಂತೆವು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಹೋದ ವರ್ಷದ ರೇಟು ನಂಬಿ ಸಾಲ ಎತ್ತುವವನನ್ನು ಪೆದ್ದ ಅನ್ನುವ ನನ್ನ ಷಡ್ಡಕ, ಹೋದ ವರ್ಷದ ಕಟಾಫ್ ನಂಬಿ ನಮ್ಮ ಹುಡುಗಿಗೆ ಹಾಸ್ಟೆಲ್ ಹುಡುಕುತ್ತಾನೆ.

ಎರಡನೇ ಫೋನ್ ಚಿಕ್ಕನಾಯಕನಹಳ್ಳಿಯ ಭಾವಮೈದನದು. ಅವನದು ಇದಕ್ಕೆ ತದ್ವಿರುದ್ಧ ಸಿದ್ಧಾಂತ. 'ಮಾಕ್‌ನಲ್ಲಿ ಕಮ್ಮಿ ಬರಬೇಕು ಭಾವ, ಆಗಲೇ ಮೈನ್‌ನಲ್ಲಿ ಎತ್ತೋದು.' ಜಾಸ್ತಿ ಬಂದರೆ ದೃಷ್ಟಿ ಆಗುತ್ತದಂತೆ. ಅವನ ಮಗ ಅಪ್ಪನ ಮಾತು ಮೀರದ ವಿಧೇಯ, ಪ್ರತಿ ಟೆಸ್ಟ್‌ನಲ್ಲೂ ತಪ್ಪದೆ ಕಮ್ಮಿ ತೆಗೆಯುತ್ತಾನೆ. ಸರ್ಕಾರ 2024ರಲ್ಲಿ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮೂರು ಅವಕಾಶ ಕೊಟ್ಟ ಮೇಲಂತೂ ಅವನು ಮೊದಲನೆಯದನ್ನೂ ಮಾಕ್ ಟೆಸ್ಟ್ ಲೆಕ್ಕಕ್ಕೇ ಸೇರಿಸಿದ್ದಾನೆ.

ಇವರಿಬ್ಬರ ನಡುವೆ ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮ ಅವ್ವ. ಎಷ್ಟು ಬಂತು ಅಂತ ಅವಳು ಕೇಳಲಿಲ್ಲ. ಮೊಮ್ಮಗಳನ್ನು ಕೂರಿಸಿಕೊಂಡು, 'ಯಾವ್ಯಾವುದು ಇನ್ನೂ ಆಗಿಲ್ಲ ಅಂತ ಗೊತ್ತಾಯ್ತೇನವ್ವ?' ಅಂದಳು.

ಅವ್ವನಿಗೆ ಈ ಪ್ರಶ್ನೆ ಬಂದದ್ದು ಅಟ್ಟದಿಂದ. ಮರದಿಂದ ಇಳಿಸಿದ ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪು ಬಿಡಬೇಕು. ಆದದ್ದು ಯಾವುದು, ಆಗದ್ದು ಯಾವುದು ಅಂತ ಮಟ್ಟೆಯ ಮೇಲಿಂದ ಕಾಣುವುದಿಲ್ಲ. ಅವ್ವ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ನೀರು ಕುಲುಕಿದರೆ ವಾಪಸು. ಸದ್ದೇ ಇಲ್ಲದಿದ್ದರೆ, ನೀರು ಇಂಗಿದೆ ಆದರೆ ಗಿಟುಕು ಚಿಪ್ಪು ಬಿಟ್ಟಿಲ್ಲ, ಅದೂ ವಾಪಸು. ಲೊಡಲೊಡ ಉರುಳಿದರೆ ಮಾತ್ರ ಸುಲಿಯುವ ಗುಡ್ಡೆಗೆ. ಹೀಗೆ ಅಲ್ಲಾಡಿಸುವಾಗ ಅವಳು ರೇಟಿನ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಕುಲುಕಿದ ಕಾಯಿಗೆ ಬೈದದ್ದನ್ನೂ ಕೇಳಿಲ್ಲ.

ಮಗಳು ಅಜ್ಜಿಯ ಪ್ರಶ್ನೆಗೆ ಉತ್ತರವಾಗಿ ಒಂದು ನೋಟ್‌ಬುಕ್ ತಂದು ಬಿಚ್ಚಿದಳು. ನನಗೆ ಅದುವರೆಗೆ ತೋರಿಸಿರಲಿಲ್ಲ, ನಾನು ಕೇಳಿರಲೂ ಇಲ್ಲ. ಫಿಸಿಕ್ಸ್, ಸಿಇಟಿ ಮಾದರಿ, 60 ಪ್ರಶ್ನೆ, 80 ನಿಮಿಷ. ಬಂದದ್ದು 38. ವಾಟ್ಸಾಪ್ ಗುಂಪಿಗೆ ಇಷ್ಟೇ ಸಾಕಾಗಿತ್ತು. ಅವಳ ಪುಸ್ತಕ ಇಲ್ಲಿಂದ ಶುರುವಾಗುತ್ತಿತ್ತು. ತಪ್ಪಾದ 22ನ್ನು ಕೆಂಪು ಪೆನ್ನಿನಲ್ಲಿ ಎರಡು ಭಾಗ ಮಾಡಿದ್ದಳು. 'ಗೊತ್ತೇ ಇಲ್ಲ' 14. 'ಗೊತ್ತಿತ್ತು, ಕೈತಪ್ಪು' 8. ಕೈತಪ್ಪಿನ ಪಕ್ಕದಲ್ಲಿ ಕಾರಣ: ಮೈನಸ್ ಗುರುತು ಬಿಟ್ಟದ್ದು, ಸೆಂಟಿಮೀಟರನ್ನು ಮೀಟರ್ ಮಾಡದ್ದು, 'ಸರಿಯಲ್ಲದ ಹೇಳಿಕೆ ಯಾವುದು' ಅಂದಲ್ಲಿ ಸರಿಯಾದದ್ದಕ್ಕೆ ಬಣ್ಣ ತುಂಬಿದ್ದು. ಇನ್ನೊಂದು ಕಾಲಂ ನೋಡಿ ನನಗೆ ಆಶ್ಚರ್ಯವಾಯಿತು. ಸರಿಯಾದ 38ರಲ್ಲೇ 6ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ 'ಇವು ನಂದಲ್ಲ' ಅಂತ ಬರೆದಿದ್ದಳು.

'ಬಂದದ್ದನ್ನೂ ಯಾಕಮ್ಮ ಬಿಟ್ಟುಕೊಡ್ತೀಯ?' ಅಂದೆ.

'ಇಂಕಿ ಪಿಂಕಿ ಪಾಂಕಿ ಅಪ್ಪ' ಅಂದಳು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡುವಂತಿಲ್ಲ. ನಾಲ್ಕರಲ್ಲಿ ಒಂದು ಹೇಗೂ ಸರಿ. ತುರುವೇಕೆರೆ ಗಂಗಾಧರೇಶ್ವರ ಗುಡಿಯ ಕಲ್ಲು ಬಸವಣ್ಣನ ಮುಂದೆ ಓಎಂಆರ್ ಹಾಳೆ ಇಟ್ಟರೂ 60ಕ್ಕೆ ಸರಾಸರಿ 15 ಬರುತ್ತದೆ. ಅದೇ ಬಸವಣ್ಣ ನೀಟ್ ಬರೆದರೆ, ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದರ ಲೆಕ್ಕದಲ್ಲಿ 720ಕ್ಕೆ ಸರಾಸರಿ 45. ಒಂದು ಕಡೆ ನೂರಕ್ಕೆ 25, ಇನ್ನೊಂದು ಕಡೆ ನೂರಕ್ಕೆ ಬರೀ ಆರು ಚಿಲ್ಲರೆ. ಆದ್ದರಿಂದ ಮಾಕ್ ಮಾರ್ಕ್ಸಿನಲ್ಲಿ ತನ್ನದೆಷ್ಟು, ಬಸವಣ್ಣನದೆಷ್ಟು ಅಂತ ಬೇರ್ಪಡಿಸದೆ ಮುಂದಿನ ವಾರದ ಓದು ನಿರ್ಧರಿಸುವುದು ದಂಡ ಅನ್ನುವುದು ಅವಳ ವಾದ. ಷಡ್ಡಕನಿಗೆ ಇದನ್ನು ಹೇಳಿದೆ. ಅವನು ನಮ್ಮೂರ ಬಸವಣ್ಣನಿಗೆ ಪಿಯುಸಿಯಲ್ಲಿ ಎಷ್ಟು ಅಂತ ಕೇಳಿದ.

ತಮಾಷೆಗೆ ಕೇಳಿದರೂ ಪ್ರಶ್ನೆ ಪಕ್ಕಾ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯದು ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳದು ಇನ್ನರ್ಧ. ಸಿಇಟಿಯಲ್ಲಿ 180ಕ್ಕೆ 110 ತೆಗೆದು ಪಿಯುಸಿಯಲ್ಲಿ 300ಕ್ಕೆ 240 ತಂದವನಿಗೆ ಒಟ್ಟಾರೆ 70.5 ಚಿಲ್ಲರೆ. ಸಿಇಟಿಯಲ್ಲಿ ಬರೀ 90 ತೆಗೆದು ಪಿಯುಸಿಯಲ್ಲಿ 285 ತಂದವಳಿಗೆ 72.5. ಸಿಇಟಿಯಲ್ಲಿ 20 ಅಂಕ ಹಿಂದಿದ್ದ ಹುಡುಗಿ ರ‍್ಯಾಂಕಿನಲ್ಲಿ ಮುಂದೆ. ಭಾನುವಾರದ ಟೆಸ್ಟನ್ನೇ ಜಪಿಸುತ್ತ ಬೋರ್ಡ್ ಪರೀಕ್ಷೆಯ ಐದು ಮಾರ್ಕ್ಸಿನ ಪ್ರಶ್ನೆ ಬಿಟ್ಟವರು ಅರ್ಧ ಫಸಲು ಮರದಲ್ಲೇ ಬಿಟ್ಟ ಹಾಗೆ. ವೈದ್ಯಕೀಯಕ್ಕೆ ಈ ಲೆಕ್ಕ ಇಲ್ಲ, ಅಲ್ಲಿ ರ‍್ಯಾಂಕ್ ಪೂರ್ತಿ ನೀಟ್‌ನದು. ಎರಡನ್ನೂ ಬರೆಯುವ ಪಿಸಿಎಂಬಿಯವರು ಎರಡಕ್ಕೂ ಬೇರೆ ಬೇರೆ ಪುಸ್ತಕ ಇಡಬೇಕು.

ಮಗಳ ಮುಂದಿನ ವಾರದ ಯೋಜನೆ ಆ ಕಾಲಂಗಳಿಂದಲೇ ಇಳಿಯುತ್ತಿತ್ತು. ಕೈತಪ್ಪಿನ 8 ಮೊದಲು, ಯಾಕೆಂದರೆ ಅವುಗಳಿಗೆ ಹೊಸದಾಗಿ ಓದುವುದೇನಿಲ್ಲ. 'ಗೊತ್ತೇ ಇಲ್ಲ' 14ರಲ್ಲಿ ಐದು ಒಂದೇ ಭಾಗದವು, ಆಪ್ಟಿಕ್ಸ್. ಸೋಮವಾರದಿಂದ ಬುಧವಾರ ಅದಕ್ಕೆ. ಚೆಲ್ಲಾಪಿಲ್ಲಿ ಇದ್ದ ಉಳಿದ ಒಂಬತ್ತಕ್ಕೆ ಗುರುವಾರದ ಮೇಲೆ ಟೈಮ್ ಸಿಕ್ಕರೆ. ಆಮೇಲೆ ಮತ್ತೆ ಭಾನುವಾರ.

ಎಷ್ಟು ಅಲ್ಲಾಡಿಸಿದರೂ ಗೊತ್ತಾಗದ ಸಂಗತಿಗಳೂ ಇರುತ್ತವೆ. 2024ರ ಸಿಇಟಿಯಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ರಾಜ್ಯವೆಲ್ಲ ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಅಂಥದ್ದಕ್ಕೆ ಯಾವ ಮಾಕ್ ಟೆಸ್ಟ್ ತಾನೇ ತಯಾರು ಮಾಡೀತು?

ರಿಸಲ್ಟ್ ಬಂದ ಮೇಲೂ ಮಾಕ್ ಮುಗಿಯುವುದಿಲ್ಲ. ಸಿಇಟಿ ನಡೆಸುವ ಕೆಇಎಯವರು ಆಪ್ಷನ್ ಎಂಟ್ರಿ ಆದ ಮೇಲೆ ಅಣಕು ಸೀಟು ಹಂಚಿಕೆ ಮಾಡುತ್ತಾರೆ. ಇದು ಮಕ್ಕಳಿಗಿಂತ ಅಪ್ಪಂದಿರು ಬರೆಯುವ ಟೆಸ್ಟ್. ಅದರಲ್ಲಿ ಒಳ್ಳೆ ಕಾಲೇಜು ಕಾಣಿಸಿತು ಅಂತ ಮೈಸೂರು ಪಾಕ್ ಹಂಚಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅಣಕು ಪಟ್ಟಿ ನೋಡಿ ಎಲ್ಲರೂ ತಮ್ಮ ಆಪ್ಷನ್ ಹಿಂದುಮುಂದು ಮಾಡುತ್ತಾರೆ, ನಿಜವಾದ ಸುತ್ತಿನಲ್ಲಿ ಕಾಲೇಜು ಬೇರೆಯೇ ಆಗಿರುತ್ತದೆ. ಹಂಚಿದ ಮೈಸೂರು ಪಾಕ್ ವಾಪಸು ಬರುವುದಿಲ್ಲ. ಅಣಕು ಹಂಚಿಕೆಯ ಉಪಯೋಗ ಇಷ್ಟೇ: ಬೇಕಾದ ಕಾಲೇಜು ಬೇಡದ್ದರ ಕೆಳಗೆ ಕೂತಿದ್ದರೆ ಮೇಲಕ್ಕೆ ಎತ್ತುವುದು, ಬಂದರೂ ಸೇರಲಾರೆ ಅನ್ನುವುದನ್ನು ಅಳಿಸುವುದು.

ಇದನ್ನೆಲ್ಲ ನಾನು ಷಡ್ಡಕನಿಗೂ ಭಾವಮೈದನಿಗೂ ಫೋನಿನಲ್ಲಿ ವಿಸ್ತಾರವಾಗಿ ವಿವರಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಗಳು ಎದ್ದು ಬಂದು ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿದಳು. 'ಮುಂದಿನ ಟೆಸ್ಟ್‌ವರೆಗೆ ಈ ಮನೆಯಲ್ಲಿ ರ‍್ಯಾಂಕ್, ಸೀಟು, ಕಟಾಫ್ ಅಂದವರಿಗೆ ನೀಟ್ ನಿಯಮದಂತೆ ಮೈನಸ್ ಒಂದು. ಫೋನಿನಲ್ಲಿ ಅಂದರೂ ಲೆಕ್ಕ.' ಕೆಳಗೆ ಮನೆಯವರೆಲ್ಲರ ಕಾಲಂ. ಎರಡೇ ದಿನಕ್ಕೆ ನನ್ನದು ಬಸವಣ್ಣನಿಗೂ ಕೆಳಗಿಳಿದಿದೆ. ಹೆಂಡತಿ ಪರವಾಗಿಲ್ಲ, ಒಂದಂಕಿಯಲ್ಲಿ ಇದ್ದಾಳೆ. ಅವ್ವ ಸೊನ್ನೆಗೆ ಇಡೀ ಮನೆಗೆ ಫಸ್ಟ್ ರ‍್ಯಾಂಕ್. ಹಾಗಂತ ಅವಳಿಗೆ ಹೇಳೋಣವೆಂದರೆ, ಹೇಳಿದವನಿಗೆ ಮತ್ತೊಂದು ಮೈನಸ್.