ಹಿತ್ತಿಲ ಕುಕ್ಕುಟಗಳ ವರ್ಣಸಂಕರ ಮೀಮಾಂಸೆ

ಈ ಪ್ರಬಂಧದ ವ್ಯಾಪ್ತಿ ಉತ್ತರಕ್ಕೆ ದನದ ಕೊಟ್ಟಿಗೆ, ದಕ್ಷಿಣಕ್ಕೆ ತಿಪ್ಪೆಗುಂಡಿ, ಪೂರ್ವಕ್ಕೂ ಪಶ್ಚಿಮಕ್ಕೂ ನೆರೆಯವರ ಬೇಲಿ. ಬೇಲಿಗಳ ವಿಚಾರದಲ್ಲಿ ಮನುಷ್ಯರಿಗೆ ಒಮ್ಮತವಿಲ್ಲ. ಕೋಳಿಗಳಿಗೆ ಗೌರವವೇ ಇಲ್ಲ. ಸದರಿ ಹಿತ್ತಿಲಿನಲ್ಲಿ ಅಚ್ಚಗಪ್ಪು ಹುಂಜವೊಂದು ಅಷ್ಟೇ ಕಪ್ಪಾದ ಹೇಟೆಗಳೊಡನೆ ಸಂಸಾರ ಹೂಡಿತ್ತು. 21 ದಿನದ ಕಾವು ಮುಗಿದಾಗ ಕರಿಮರಿಗಳ ಜೊತೆಗೆ ಎರಡು ಸಮಸ್ಯೆಗಳೂ ಮೊಟ್ಟೆಯೊಡೆದು ಹೊರಬಂದವು. ಒಂದು ಮರಿ ಬೆಳೆಬೆಳೆಯುತ್ತ ಬೆಳ್ಳಗಾಯಿತು. ಇನ್ನೊಂದರ ನೆತ್ತಿಯ ಮೇಲೆ ಸುಣ್ಣದ ಬೊಟ್ಟಿಟ್ಟಂತೆ ಬಿಳಿ ಕಲೆ; ಗರಿ ಬಲಿತಂತೆ ಮೈತುಂಬ ಕಪ್ಪು-ಬಿಳಿ ಅಡ್ಡಪಟ್ಟೆ.

ಮೊದಲಿಗೆ ಪೂರ್ವಪಕ್ಷ. ಈ ಕ್ಷೇತ್ರದ ಹಿರಿಯ ಭಾಷ್ಯಕಾರರಾದ ಅಜ್ಜಿಯ ಪ್ರಕಾರ, ಸೊಸೆ ಪಟ್ಟೆ ಸೀರೆಯುಟ್ಟು ಕಾವಿಗೆ ಕೂತ ಕೋಳಿಯ ಮುಂದೆ ಓಡಾಡಿದ್ದೇ ಪಟ್ಟೆಗೆ ಕಾರಣ. ಬಿಳುಪಿಗೆ ಮಗನ ಪಂಚೆ. ಸರಳ, ಸುಂದರ ವಾದ. ಆದರೆ ಮೊಮ್ಮಗ ಹೊತ್ತೂ ಮೂರೂ ತೊಡುವ ಆರ್‌ಸಿಬಿ ಅಂಗಿಗೆ ಯಾವ ಮರಿಯೂ ಸ್ಪಂದಿಸದ ಕಾರಣ ಅದನ್ನು ವಿಷಾದಪೂರ್ವಕ ಕೈಬಿಡಲಾಗಿದೆ.

ಬಟಾಣಿಯಲ್ಲಿ ಮೆಂಡೆಲ್ ಕಂಡ ನಿಯಮ ಕೋಳಿಯ ಜುಟ್ಟಿಗೂ ಸಲ್ಲುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲೇ ತೋರಿಸಿಕೊಟ್ಟಿದ್ದರು. ಬಣ್ಣದ ಕಥೆಯೂ ಅದೇ. ಬಿಳುಪಿನಲ್ಲಿ ಎರಡು ಬಗೆ. ಲೆಗ್‌ಹಾರ್ನ್ ತಳಿಯ ಬಿಳುಪು ದರ್ಪದ್ದು. ಒಂದು ಪಾಲು ಬಂದರೂ ಕಪ್ಪನ್ನು ಅಡಗಿಸುತ್ತದೆ. ಇನ್ನೊಂದು ತಾನೇ ಅಡಗಿ ಕೂರುವ ಬಿಳುಪು. ಕಪ್ಪು ತಂದೆ, ಕಪ್ಪು ತಾಯಿ ಇಬ್ಬರಲ್ಲೂ ಇದರ ಒಂದೊಂದು ಪಾಲಿದ್ದರೆ ಸರಾಸರಿ ನಾಲ್ಕರಲ್ಲೊಂದು ಮರಿ ಬಿಳಿ. ಆದ್ದರಿಂದ ಬಿಳಿ ಮರಿಯ ತಾಯಿಯ ನಡತೆ ಕುರಿತು ಬಾವಿಕಟ್ಟೆಯಲ್ಲಿ ಆಡಿದ ಮಾತುಗಳನ್ನೆಲ್ಲ ಸಂಬಂಧಪಟ್ಟವರು ಹಿಂಪಡೆಯತಕ್ಕದ್ದು.

ಪಟ್ಟೆಯ ವಿಚಾರ ಹಾಗಲ್ಲ. ಅಚ್ಚಗಪ್ಪು ಕೋಳಿಯಲ್ಲಿ ಅದು ಅಡಗಿ ಕೂರುವುದಿಲ್ಲ. ಇದ್ದರೆ ಕಂಡೇ ಕಾಣುತ್ತದೆ. ನಮ್ಮ ಹಿತ್ತಿಲಲ್ಲಿ ಪಟ್ಟೆಯವರು ಯಾರೂ ಇಲ್ಲ. ಪೂರ್ವದ ಮನೆಯಲ್ಲಿ ಪ್ಲಿಮತ್ ರಾಕ್ ತಳಿಯ ಪಟ್ಟೆ ಹುಂಜವೊಂದಿತ್ತು. ಪಶ್ಚಿಮದ ಮನೆಯಲ್ಲಿ ಅದೇ ಬಣ್ಣದ ಹೇಟೆಯಿದೆ.

ಪೂರ್ವದವರು ಸುಲಭಕ್ಕೆ ಒಪ್ಪುವ ಪೈಕಿಯಲ್ಲ. "ಆ ಪಶ್ಚಿಮದ ಹೇಟೆ ನಿಮ್ಮ ಕರಿಹುಂಜದ ಜೊತೆ ತಿರುಗಿ, ನಿಮ್ಮ ಗೂಡಲ್ಲೇ ಮೊಟ್ಟೆಯಿಟ್ಟು ಹೋಗಿದೆ ಕಣ್ರೀ" ಎಂದರು. ವಾದ ನಿಲ್ಲದು. ಪಟ್ಟೆಯ ಗುಣ ಕೂತಿರುವುದು ಜೆಡ್ ವರ್ಣತಂತುವಿನಲ್ಲಿ. ಹುಂಜಕ್ಕೆ ಜೆಡ್ ಎರಡು, ಹೇಟೆಗೆ ಒಂದೇ. ಆ ಒಂದನ್ನು ಅವಳು ಗಂಡುಮರಿಗೆ ಕೊಡುತ್ತಾಳೆ, ಹೆಣ್ಣುಮರಿಗೆ ಡಬ್ಲ್ಯು ಕೊಟ್ಟು ಕೈತೊಳೆದುಕೊಳ್ಳುತ್ತಾಳೆ. ಹೆಣ್ಣಿಗೆ ಜೆಡ್ ಬರುವುದು ಅಪ್ಪನಿಂದ ಮಾತ್ರ. (ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಕೊಡಲು ಕೋಳಿಗಳು ಕಾನೂನಿಗಾಗಿ ಕಾಯಲಿಲ್ಲ.) ವಿವಾದಿತ ಮರಿ ಈಗ ದಿನಾ ಮೊಟ್ಟೆಯಿಟ್ಟು ಕೂಗುತ್ತಿರುವುದರಿಂದ ಅದು ಹೆಣ್ಣೆಂಬುದು ಇಡೀ ಬೀದಿಗೆ ಗೊತ್ತು. ಅಪ್ಪ ಪಟ್ಟೆಯವನೇ.

ಆಗ ಅವರು ಕೊನೆಯ ಅಸ್ತ್ರ ತೆಗೆದರು: ಆ ಮೊಟ್ಟೆಯಿಡುವುದಕ್ಕೆ ವಾರ ಮೊದಲೇ ಆಪಾದಿತ ಹುಂಜ ಮುದ್ದೆಯ ಜೊತೆ ಸಾರಾಗಿತ್ತು, ಅಜ್ಜಿಯ ಮನೆಗೂ ಒಂದು ಬಟ್ಟಲು ಹೋಗಿತ್ತು. ಅಜ್ಜಿಯ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ, ಉಪ್ಪು ಮುಂದಿತ್ತಂತೆ. ಆದರೂ ಆಪಾದಿತ ಖುಲಾಸೆಯಾಗುವುದಿಲ್ಲ. ಹುಂಜದ ವೀರ್ಯವನ್ನು ಹೇಟೆ ತನ್ನ ಒಡಲಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಾಪಿಟ್ಟುಕೊಳ್ಳಬಲ್ಲಳು. ಸಾರಿನಲ್ಲಿ ಕುದಿಯುತ್ತಿದ್ದ ಹೊತ್ತಿಗೂ ಆತ ಬೇಲಿಯ ಈಚೆ ತಂದೆಯಾಗಲು ಅರ್ಹನಾಗಿಯೇ ಇದ್ದ.

ಸಿದ್ಧಾಂತ ಇಷ್ಟು: ಪಟ್ಟೆ ಪೂರ್ವದ್ದು, ಮರಿ ನಮ್ಮದು. ಶುದ್ಧವರ್ಣದ ಹಂಬಲವುಳ್ಳ ಓದುಗರು ಹುಂಜ ಬದಲಿಸಿದ ಮೇಲೆ ಮೂರು ವಾರದ ಮೊಟ್ಟೆಗಳನ್ನು ಆಮ್ಲೆಟ್ಟಿಗೆ ಬಳಸಿ, ಆಮೇಲಿನವನ್ನು ಮಾತ್ರ ಕಾವಿಗಿಡತಕ್ಕದ್ದು. ನೆರೆಯವರು ಜಗಳಕ್ಕೆ ಬಂದರೆ ಈ ಪ್ರಬಂಧದ ಪ್ರತಿ ಕೊಟ್ಟು ಕಳಿಸಿ, ಕೋಳಿ ಕೊಡಬೇಡಿ.