ಕಾಲಿಂದ ಕಾಲಿಗೆ

ವಾಕಿಂಗ್ ಬಿಟ್ಟೇಬಿಟ್ಟೆ ಅಂತೀರಲ್ಲ ಅಕ್ಕಾ, ಕೇಳಿ ಮನಸ್ಸಿಗೆ ಒಂಥರಾ ಆಯ್ತು. ಹೋದ ವರ್ಷ ಈ ಹೊತ್ತಿಗೆ ಹಾಲು ತರೋಕೆ ಅಂತ ಹೋದೋರು ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ಕೊಂಡೇ ಬರ್ತಿದ್ರಿ. ಈಗ ಮಂಡಿ ನೋವು ಅಂತ ಗೇಟಿನಾಚೆಗೇ ಕಾಲಿಡಲ್ಲ ಅಂದ್ರೆ ಹೇಗೆ? ಡಾಕ್ಟ್ರು ಓಡಬೇಡಿ, ಮೆಟ್ಟಿಲು ಹತ್ತಿಳಿಯೋದು ಕಡಿಮೆ ಮಾಡಿ ಅಂದಿದ್ದಾರೆ, ಸರಿ. ಕೂತೇ ಇರಿ ಅಂತ ಅಂದಿಲ್ಲವಲ್ಲ? ಕೂತಷ್ಟೂ ತೊಡೆ ಸೊರಗುತ್ತೆ, ತೊಡೆ ಸೊರಗಿದಷ್ಟೂ ಭಾರವೆಲ್ಲ ಮಂಡಿ ಮೇಲೇ ಬೀಳುತ್ತೆ. ಆ ಪೈಪ್ ಹಾಗೇ ದಾಸವಾಳದ ಬುಡಕ್ಕೆ ಬಿಟ್ಟು ಇತ್ತ ಬನ್ನಿ ಸ್ವಲ್ಪ. ನಿಮಗೊಂದು ವಿಷಯ ಹೇಳಬೇಕು ಅಂತ ಬಂದಾಗಿಂದ ಅಂದ್ಕೊಳ್ತಾನೇ ಇದೀನಿ.

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿದ್ನಲ್ಲ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ. ಅಲ್ಲಿ ಸೆಂಟ್ರಲ್ ಪಾರ್ಕ್ ಅಂತಿದೆ, ಅದರೊಳಗೆ ಲೇಕ್ ಎಲಿಜಬೆತ್ ಅನ್ನೋ ಕೆರೆ. ಬೆಳಿಗ್ಗೆ ಮಗುವಿಗೆ ಎಣ್ಣೆ-ನೀರು ಹಾಕಿ ಮಲಗಿಸಿದ ಮೇಲೆ ನಾನು ಆ ಕಡೆ ಹೋಗ್ತಿದ್ದೆ. ನಮ್ಮ ದೇಶದೋರು ಬೇಕಾದಷ್ಟು ಜನ ಅಲ್ಲಿ. ಕನ್ನಡ, ತೆಲುಗು, ಪಂಜಾಬಿ ಎಲ್ಲಾ ಕಿವಿಗೆ ಬೀಳುತ್ತೆ. ನಾವುಗಳು ಸೊಸೆ-ಅಳಿಯಂದಿರ ಸುದ್ದಿ ಮಾತಾಡ್ತಾ ಕೆರೆ ಸುತ್ತೋರು. ಚೀನಾದ ಹಿರಿಯರು ಮಾತ್ರ ಮರದ ನೆರಳಲ್ಲಿ ಸಾಲಾಗಿ ನಿಂತು, ಸಣ್ಣ ಸ್ಪೀಕರಲ್ಲಿ ಸಂಗೀತ ಹಾಕ್ಕೊಂಡು ತೈ ಚಿ ಮಾಡೋರು. ಎಷ್ಟು ನಿಧಾನ ಅಂತೀರಿ, ಎತ್ತಿದ ಕಾಲು ಇನ್ನೂ ನೆಲಕ್ಕೆ ಬರಲಿಲ್ಲವಲ್ಲ ಅಂತ ನೋಡ್ತಾ ನಿಂತ ನಮಗೇ ಉಸಿರು ಕಟ್ಟಬೇಕು.

ಅದರಲ್ಲೊಬ್ಬರು ಅಜ್ಜಿ, ಬೂದು ಸ್ವೆಟರು, ತೆಳು ಅಟ್ಟೆಯ ಬಟ್ಟೆ ಶೂ. ಬೆಂಚಿನ ಮೇಲೆ ಕೂತು ನೋಡ್ತಿದ್ದ ನನ್ನನ್ನ ಕೈಸನ್ನೆ ಮಾಡಿ ಕರೆದ್ರು. ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ನನಗೆ ಅವರ ಭಾಷೆ ಒಂದಕ್ಷರ ಬರಲ್ಲ. ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲು ಮಾಡಿದ್ದೇನು ಗೊತ್ತಾ? ಬಗ್ಗಿ ನನ್ನ ಮಂಡಿ ಚಿಪ್ಪಿನ ಮೇಲೆ ಬೆರಳಿಟ್ಟು, ಅಲ್ಲಿಂದ ನೇರ ಕೆಳಗೆ ಕಾಲಿನ ಎರಡನೇ ಬೆರಳಿನ ತನಕ ಗಾಳಿಯಲ್ಲಿ ಒಂದು ಗೆರೆ ಎಳೆದ್ರು. ಕಾಲು ಬಗ್ಗಿಸುವಾಗ ಮಂಡಿ ಆ ಗೆರೆ ಬಿಟ್ಟು ಒಳಗಡೆ ವಾಲಿದ್ರೆ ಮೆಲ್ಲಗೆ ತಟ್ಟಿ ಹೊರಕ್ಕೆ ತರೋರು. ಬೆರಳ ತುದಿ ದಾಟಿ ಮುಂದೆ ಹೋದ್ರೂ ತಟ್ಟೋರು. ಆ ಗೆರೆ ಕೂತ ಮೇಲೇ ನನಗೆ ಕೈ ಎತ್ತೋಕೆ ಬಿಟ್ಟಿದ್ದು.

ಆಮೇಲೆ ಹೇಳಿಕೊಟ್ಟಿದ್ದು ಮೋಡದ ಕೈ. ಅವರಲ್ಲಿ ಒಂದೊಂದು ಭಂಗಿಗೂ ಒಂದೊಂದು ಹೆಸರಿದೆ: ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚೋದು, ಕಾಡುಕುದುರೆಯ ಜೂಲು ಬಿಡಿಸೋದು, ಬಂಗಾರದ ಹುಂಜ ಒಂಟಿಕಾಲಲ್ಲಿ ನಿಲ್ಲೋದು. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಈ ಮೋಡದ ಕೈಯೇ. ಮಂಡಿ ಚೂರು ಸಡಿಲ ಬಿಟ್ಟು ನಿಂತ್ಕೋಬೇಕು. ಭಾರ ಬಲಗಾಲಿಗೆ ಹೋಗ್ತಿದ್ದ ಹಾಗೆ ಬಲಗೈ ಮುಖದ ಮುಂದೆ ಬಲಕ್ಕೆ ಸಾಗುತ್ತೆ, ಎಡಗೈ ಹೊಕ್ಕುಳ ಹತ್ತಿರ ಇರುತ್ತೆ. ಬಲಗಾಲಿನ ಮೇಲೆ ಪೂರ್ತಿ ನಿಂತ ಮೇಲೆ ಎಡಗಾಲು ಹಗುರ ಆಗುತ್ತಲ್ಲ, ಆಗ ಅದನ್ನ ಪಕ್ಕಕ್ಕೆ ಒಂದು ಹೆಜ್ಜೆ ಇಡಬೇಕು. ಇಟ್ಟ ತಕ್ಷಣ ಅದರ ಮೇಲೆ ಬೀಳಬಾರದು. ಲೋಟದ ಕಾಫಿ ಬಟ್ಟಲಿಗೆ ಸುರಿಯೋ ಹಾಗೆ ಭಾರವನ್ನ ಒಂದು ಕಾಲಿಂದ ಇನ್ನೊಂದು ಕಾಲಿಗೆ ಸ್ವಲ್ಪ ಸ್ವಲ್ಪವಾಗೇ ಇಳಿಸಬೇಕು. ಕೈ ಈಗ ಅದಲು ಬದಲು, ಎಡಗೈ ಮೇಲೆ, ಬಲಗೈ ಕೆಳಗೆ. ಸೊಂಟ ತಿರುಗಿದ ಕಡೆ ಕೈ ಹೋಗುತ್ತೆ, ಕೈಯೇ ಬೇರೆ, ಸೊಂಟವೇ ಬೇರೆ ಅಂತ ಇಲ್ಲ. ಹೀಗೇ ಪಕ್ಕಕ್ಕೆ ಪಕ್ಕಕ್ಕೆ ಸರೀತಾ ಹೋಗೋದು.

ಇದರಲ್ಲಿ ಬೆವರೆಲ್ಲಿ ಬರುತ್ತೆ ಅಂತೀರಾ? ಈಗಲೇ ಈ ಕಾಂಪೌಂಡ್ ಹಿಡ್ಕೊಂಡು ಒಂದು ಕಾಲ ಮೇಲೆ, ಮಂಡಿ ಸ್ವಲ್ಪ ಬಗ್ಗಿಸಿ, ಹತ್ತು ಎಣಿಸೋ ತನಕ ನಿಂತು ನೋಡಿ. ತೊಡೆ ಅದುರುತ್ತಾ ಇಲ್ವಾ? ಬಿರುಸಾಗಿ ನಡೆಯುವಾಗ ಒಂದು ಕಾಲ ಮೇಲೆ ಅರೆಕ್ಷಣ ಇದ್ದು ದಾಟಿಬಿಡ್ತೀವಿ, ಆ ವೇಗವೇ ಮೈಯನ್ನ ಮುಂದಕ್ಕೆ ಕೊಂಡೊಯ್ಯುತ್ತೆ. ನಿಧಾನಕ್ಕೆ ಆ ಸವಲತ್ತು ಇಲ್ಲ. ಪ್ರತಿ ಇಂಚನ್ನೂ ಸ್ನಾಯುವೇ ಹೊರಬೇಕು. ಸುಮ್ಮನೆ ಕೂತಾಗ ಮೈಗೆ ಬೇಕಾಗೋ ಶಕ್ತಿಯ ಸುಮಾರು 3 ಪಟ್ಟು ತೈ ಚಿಗೆ ಬೇಕು ಅಂತ ವ್ಯಾಯಾಮದ ಕೋಷ್ಟಕಗಳಲ್ಲಿ ಲೆಕ್ಕ ಇದೆ. ಅಂದ್ರೆ ಮಾಮೂಲಿ ನಡಿಗೆಗೆ ಹತ್ತಿರ ಹತ್ತಿರ. ಮಂಡಿಗೆ ಬೀಳೋ ಹೊಡೆತ ಮಾತ್ರ ನಡಿಗೆಗಿಂತಲೂ ಕಡಿಮೆ, ಯಾಕಂದ್ರೆ ಪಾದ ಇಲ್ಲಿ ನೆಲಕ್ಕೆ ಬಡಿಯೋದೇ ಇಲ್ಲ, ಮೊದಲು ಮುಟ್ಟುತ್ತೆ, ಆಮೇಲೆ ಭಾರ ಹೊರುತ್ತೆ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಕಾಲಿಗೆ ಬೀಳುತ್ತಂತೆ. ನಿಮ್ಮ ಡಾಕ್ಟ್ರು ಓಡಬೇಡಿ ಅಂದಿದ್ದು ಅದಕ್ಕೇ.

ಮೂಲದಲ್ಲಿ ಈ ತೈ ಚಿ ಹೊಡೆದಾಟದ ವಿದ್ಯೆ ಅಕ್ಕಾ. ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಚೆನ್‌ಜಿಯಾಗೌ ಅಂತ ಒಂದು ಹಳ್ಳಿ, ಅಲ್ಲಿನ ಚೆನ್ ಮನೆತನದೋರು 17ನೇ ಶತಮಾನದಿಂದ ಕಾಪಾಡ್ಕೊಂಡು ಬಂದಿದ್ದು. 19ನೇ ಶತಮಾನದಲ್ಲಿ ಯಾಂಗ್ ಲೂಚಾನ್ ಅನ್ನೋರು ಅಲ್ಲಿ ಕಲಿತು ಬೀಜಿಂಗ್‌ಗೆ ತಂದ್ರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ನೆಗೆತ, ಝಾಡಿಸೋದು ಎಲ್ಲ ತೆಗೆದು, ಒಂದೇ ಹದದ ನಿಧಾನಕ್ಕೆ ಇಳಿಸಿದ್ರು. ಆಮೇಲೆ 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗದೋರು ಉದ್ದುದ್ದದ ಸರಣಿಯನ್ನ ಮೊಟಕು ಮಾಡಿ 24 ಭಂಗಿಗೆ ತಂದು ನಿಲ್ಲಿಸಿದ್ರು. ಐದಾರು ನಿಮಿಷದಲ್ಲಿ ಮುಗಿಯುತ್ತೆ, ಯಾರು ಬೇಕಾದ್ರೂ ಕಲೀಬಹುದು. ಫ್ರೀಮಾಂಟ್ ಪಾರ್ಕಲ್ಲಿ ಮಾಡ್ತಿದ್ದಿದ್ದು ಅದನ್ನೇ. 2020ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೂ ತೈ ಚಿಯನ್ನ ಸೇರಿಸಿತು. ಒಂದು ಹಳ್ಳಿಯ ಕಾಳಗದ ಕಲೆ ಮುದುಕರ ಮಂಡಿ ಕಾಯೋಕೆ ಬಂತಲ್ಲ, ಅದು ನನಗೆ ದೊಡ್ಡ ವಿಷಯ.

ಅಮೆರಿಕದೋರ ಕಥೆ ಬೇರೆ. 1968ರಲ್ಲಿ ಕೆನೆತ್ ಕೂಪರ್ ಅನ್ನೋ ವಾಯುಪಡೆಯ ಡಾಕ್ಟ್ರು 'ಏರೋಬಿಕ್ಸ್' ಅಂತ ಪುಸ್ತಕ ಬರೆದ್ರು. ಎದೆ ಬಡಿತ ಏರಬೇಕು, ಆ ಏರಿದ ಬಡಿತ ಸ್ವಲ್ಪ ಹೊತ್ತು ನಿಲ್ಲಬೇಕು, ಆಗಲೇ ಹೃದಯಕ್ಕೆ ಬಲ ಅಂತ ಜನಕ್ಕೆ ಮನವರಿಕೆ ಮಾಡಿಕೊಟ್ಟರು. ಅದು ನಿಜವಾಗ್ಲೂ ಉಪಕಾರ. ಆದರೆ 1982ರಲ್ಲಿ ನಟಿ ಜೇನ್ ಫೋಂಡಾ ಅವರ ವ್ಯಾಯಾಮದ ವಿಡಿಯೋ ಬರೋ ಹೊತ್ತಿಗೆ ಮನೆಮನೆಯಲ್ಲೂ ಹಾಡು ಹಾಕ್ಕೊಂಡು ಕುಣಿಯೋದೇ ಏರೋಬಿಕ್ಸ್ ಅಂತ ಆಗಿತ್ತು. ಕುಣಿದು ಕುಣಿದು ಮೊಣಕಾಲು, ಮುಂಗಾಲ ಮೂಳೆ ನೋಯಿಸಿಕೊಂಡೋರೂ ಬೇಕಾದಷ್ಟು ಜನ. ಆಗ, 1983ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಡೆಬಿ ರೋಸಾಸ್, ಕಾರ್ಲೋಸ್ ರೋಸಾಸ್ ಅನ್ನೋ ಶಿಕ್ಷಕರು ನಿಯಾ ಅಂತ ಒಂದು ಪದ್ಧತಿ ಶುರು ಮಾಡಿದ್ರು. ನೆಗೆಯೋದು ಬೇಡ, ಶೂನೂ ಬೇಡ, ಬರಿಗಾಲು. ತೈ ಚಿ, ಐಕಿಡೋ, ನಮ್ಮ ಯೋಗ, ಜಾಝ್ ನೃತ್ಯ ಇವೆಲ್ಲದರ ಚಲನೆ ಸೇರಿಸಿ, ಸಂಗೀತಕ್ಕೆ ತಕ್ಕ ಹಾಗೆ ಬಿಡದೆ ಮಾಡ್ತಾ ಹೋಗೋದು. ಒಂದು ಕಾಲು ಯಾವಾಗ್ಲೂ ನೆಲದಲ್ಲೇ ಇರುತ್ತೆ, ಎದೆ ಬಡಿತವೂ ಏರುತ್ತೆ. ಎರಡೂ ಒಟ್ಟಿಗೆ ಆಗುತ್ತೆ ಅಂತ ತೋರಿಸಿದ್ರಲ್ಲ, ಅದೇ ನಮ್ಮಂಥೋರಿಗೆ ಬೇಕಾಗಿದ್ದು.

ತೈ ಚಿ ಮಾಡಿದ್ರೆ ಪ್ರಾಣಶಕ್ತಿ ಹರಿಯುತ್ತೆ, ಎಲ್ಲಾ ಕಾಯಿಲೆ ಓಡಿಹೋಗುತ್ತೆ ಅನ್ನೋರೂ ಇದಾರೆ. ನನಗೆ ಅದು ಬೇಕಿಲ್ಲ ಅಕ್ಕಾ, ತೊಡೆ-ಪಾದದ ಲೆಕ್ಕವೇ ಸಾಕು. ಬಾಸ್ಟನ್‌ನ ಟಫ್ಟ್ಸ್ ವೈದ್ಯಕೀಯ ಕೇಂದ್ರದಲ್ಲಿ ಚೆನ್‌ಚೆನ್ ವಾಂಗ್ ಅನ್ನೋ ಡಾಕ್ಟ್ರು ಮಂಡಿ ಸವೆದ 204 ಜನರನ್ನ ಎರಡು ಗುಂಪು ಮಾಡಿ ನೋಡಿದ್ರು. ಒಂದು ಗುಂಪಿಗೆ ಫಿಸಿಯೋಥೆರಪಿ, ಇನ್ನೊಂದಕ್ಕೆ ವಾರಕ್ಕೆರಡು ಸಲ ತೈ ಚಿ. 12 ವಾರ ಆದ ಮೇಲೆ ಎರಡು ಗುಂಪಿನೋರ ನೋವೂ ಒಂದೇ ಥರ ಇಳಿದಿತ್ತು. 2016ರಲ್ಲಿ ಪ್ರಕಟ ಆಯ್ತು ಅದು. ಅದಕ್ಕೂ ಮುಂಚೆ, 2012ರಲ್ಲಿ, ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಫುಝೋಂಗ್ ಲೀ ಅನ್ನೋ ಸಂಶೋಧಕರು ಪಾರ್ಕಿನ್ಸನ್ ಇರೋ 195 ಜನರ ಮೇಲೆ ಮಾಡಿದ ಅಧ್ಯಯನ ಬಂದಿತ್ತು. ತೈ ಚಿ ಕಲಿತೋರ ಸಮತೋಲನ ಉಳಿದೋರಿಗಿಂತ ಚೆನ್ನಾಗಿತ್ತು, ಬರೀ ಮೈ ಎಳೆಯೋ ವ್ಯಾಯಾಮ ಮಾಡಿದೋರಿಗಿಂತ ಬೀಳೋದೂ ಕಡಿಮೆ ಆಗಿತ್ತು.

ಬೀಳೋದು ಅಂದೆ ನೋಡಿ, ನನಗೆ ಮಂಡಿಗಿಂತ ದೊಡ್ಡ ಭಯ ಅದೇ. ನಮ್ಮ ವಯಸ್ಸಿನೋರಿಗೆ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದ್ರೆ ಆಮೇಲೆ ಎದ್ದು ಓಡಾಡೋದು ಎಷ್ಟು ಕಷ್ಟ ಅಂತ ನೀವೂ ಕಂಡಿದ್ದೀರಿ. ವಾರಕ್ಕೆ 150 ನಿಮಿಷವಾದ್ರೂ ಮೈ ಬಿಸಿಯಾಗೋ ವ್ಯಾಯಾಮ ಇರಲಿ, 65 ದಾಟಿದೋರು ವಾರಕ್ಕೆ ಮೂರು ದಿನವಾದ್ರೂ ಸಮತೋಲನದ ಅಭ್ಯಾಸ ಸೇರಿಸಿಕೊಳ್ಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕೆರೆ ಸುತ್ತೋದರಿಂದ ಮೊದಲನೇದು ಸಿಗುತ್ತೆ, ಎರಡನೇದು ಸಿಗಲ್ಲ. ಮೋಡದ ಕೈಯಲ್ಲಿ ಎರಡೂ ಇದೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ದಾಟುವಾಗಲೇ ಮನುಷ್ಯ ಹೆಚ್ಚಾಗಿ ಬೀಳೋದು, ಆ ದಾಟೋದನ್ನೇ ಇಲ್ಲಿ ನೂರಾರು ಸಲ ಮಾಡ್ತೀವಿ, ಎಚ್ಚರದಿಂದ.

ಶುರುವಲ್ಲಿ ಎತ್ತರವಾಗೇ ನಿಂತ್ಕೊಳ್ಳಿ, ಮಂಡಿ ಜಾಸ್ತಿ ಬಗ್ಗಿಸೋದು ಬೇಡ. ಸಿಡ್ನಿಯ ಪಾಲ್ ಲ್ಯಾಮ್ ಅಂತ ಡಾಕ್ಟ್ರು, ತಾವೇ ಸಂಧಿವಾತ ಅನುಭವಿಸಿದೋರು, 1997ರಲ್ಲಿ ಸಂಧಿವಾತದೋರಿಗೆ ಅಂತಲೇ ಒಂದು ತೈ ಚಿ ಕ್ರಮ ಮಾಡಿದಾಗ ತೈ ಚಿಯಲ್ಲೇ ಸುನ್ ಅನ್ನೋ ಶೈಲಿಯನ್ನ ಆರಿಸಿಕೊಂಡಿದ್ದೂ ಅದಕ್ಕೇ. ಅದರಲ್ಲಿ ತೀರಾ ಕೆಳಗೆ ಕುಸಿಯೋದಿಲ್ಲ. ಇನ್ನೊಂದು, ಭಾರ ಹೊತ್ತ ಪಾದವನ್ನ ನೆಲದ ಮೇಲೆ ತಿರುಚಬೇಡಿ. ತಿರುಗಬೇಕಾದ್ರೆ ಮೊದಲು ಭಾರ ಆಚೆ ಕಾಲಿಗೆ ಕೊಟ್ಟು, ಹಗುರಾದ ಪಾದವನ್ನ ತಿರುಗಿಸಿ. ತೈ ಚಿಯಿಂದ ಮಂಡಿ ಕೆಟ್ಟಿತು ಅನ್ನೋರು ಸಾಮಾನ್ಯವಾಗಿ ಎಡವೋದು ಈ ಜಾಗದಲ್ಲೇ. ಚುಚ್ಚೋ ನೋವು ಬಂದ್ರೆ ಅಲ್ಲಿಗೆ ನಿಲ್ಲಿಸಬೇಕು. ತೊಡೆ ಉರಿದ್ರೆ ಪರವಾಗಿಲ್ಲ.

ಅಭ್ಯಾಸ ಕೂತ ಮೇಲೆ ವೇಗ ಒಂಚೂರು ಏರಿಸೋಣ. ರೇಡಿಯೋದಲ್ಲಿ ಬರೋ ಯಾವುದಾದ್ರೂ ಹಾಡಿನ ತಾಳಕ್ಕೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ, ಕೈ ನಿಲ್ಲದ ಹಾಗೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಏದುಸಿರು ಸಾಕು. ಮೊದಲು ಹತ್ತು ನಿಮಿಷ, ಆಮೇಲೆ ಇಪ್ಪತ್ತು. ಒಬ್ಬರೇ ಮಾಡಿದ್ರೆ ಬಿಟ್ಟುಹೋಗುತ್ತೆ, ಇಬ್ಬರಿದ್ರೆ ಬಿಡಲ್ಲ. ಕೊನೇ ಮನೆಯವರೂ ಬರ್ತೀನಿ ಅಂದಿದ್ದಾರೆ.

ನಿಮ್ಮನೆ ಅಂಗಳದ ಗ್ರಾನೈಟ್ ಮೇಲೆ ಬೇಡ, ನೀರು ಬಿದ್ದಿರುತ್ತೆ. ಟೆರೇಸು ಅಂದ್ರೆ ಮೆಟ್ಟಿಲು ಹತ್ತಬೇಕು. ನಮ್ಮನೆ ಕಾರ್‌ಶೆಡ್ಡಲ್ಲಿ ಸಿಮೆಂಟ್ ನೆಲ, ಚೆನ್ನಾಗಿ ಹಿಡಿಯುತ್ತೆ. ನಾಳೆ ಆರೂವರೆಗೆ ಬನ್ನಿ, ಹಿಡ್ಕೊಳ್ಳೋಕೆ ಒಂದು ಕುರ್ಚಿ ಹಾಕಿರ್ತೀನಿ. ಸೀರೆ ಆದ್ರೆ ನೆರಿಗೆ ಮೇಲೆತ್ತಿ ಸಿಕ್ಕಿಸ್ಕೊಂಡು ಬನ್ನಿ ಅಕ್ಕಾ, ಮಂಡಿ ಬೆರಳಿನ ನೇರಕ್ಕಿದೆಯಾ ಅಂತ ನಾನು ನೋಡಬೇಕು.